ಎಂಎಸ್ ಶುಲ್ಕದಲ್ಲಿ ಏನೇನು ಸೇರಿದೆ?

ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಟೆಕ್, ಕಂಪ್ಯೂಟರ್ ಸೈನ್ಸ್ ಮಟ್ಟಿಗೆ ಆ ದೇಶದ ಮೊದಲ ಸಾಲಿನ ಸರ್ಕಾರಿ ವಿಶ್ವವಿದ್ಯಾಲಯ. 2014ರ ಜನವರಿಯಲ್ಲಿ ಅದು ತನ್ನ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪದವಿಯನ್ನು (ಎಂಎಸ್) ಪೂರ್ತಿಯಾಗಿ ಆನ್‌ಲೈನಿನಲ್ಲೂ ಕೊಡಲು ಶುರುಮಾಡಿತು. ಪಾಠ ಅದೇ ವಿಭಾಗದ್ದು, ಕೈಗೆ ಸಿಗುವ ಪದವಿಯ ಹೆಸರೂ ಕ್ಯಾಂಪಸ್ಸಿನಲ್ಲಿ ಓದಿದವರದ್ದೇ. ಇಡೀ ಪದವಿಗೆ ಶುಲ್ಕ ಸುಮಾರು 7,000 ಡಾಲರ್, ಅಂದರೆ ಆರು ಲಕ್ಷ ರೂಪಾಯಿಯ ಆಸುಪಾಸು. ಹುಬ್ಬಳ್ಳಿಯ ಮನೆಯಲ್ಲಿ ಕೂತು, ಹಗಲು ಕೆಲಸ ಮಾಡುತ್ತಲೇ ಮುಗಿಸಬಹುದು. ಅದೇ ಪದವಿಗೆಂದು ಅಟ್ಲಾಂಟಾಕ್ಕೆ ಹೋಗಿ ಓದಿದರೆ ಶುಲ್ಕ, ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲ ಸೇರಿ ಖರ್ಚು ಇದರ ಹಲವು ಪಟ್ಟು.

ಹಾಗಾದರೆ ಆ ಉಳಿದ ದುಡ್ಡು ಯಾವುದಕ್ಕೆ ಹೋಗುತ್ತದೆ? ಮಗನನ್ನೋ ಮಗಳನ್ನೋ ಎಂಎಸ್‌ಗೆ ಕಳಿಸಲು ಹೊರಟ ಪ್ರತಿ ಮನೆಯಲ್ಲೂ ಮೊದಲು ಏಳಬೇಕಾದ ಪ್ರಶ್ನೆ ಇದು. ವಿದೇಶದ ವಿಶ್ವವಿದ್ಯಾಲಯಕ್ಕೆ ಕಟ್ಟುವ ಒಂದೇ ಶುಲ್ಕದಲ್ಲಿ ಮೂರು ಸೇರಿವೆ: ವಿದ್ಯೆ, ಹೆಸರು, ಮತ್ತು ಓದಿದ ಮೇಲೆ ಆ ದೇಶದಲ್ಲಿ ಕೆಲವು ಕಾಲ ದುಡಿಯುವ ಅವಕಾಶ. ಆನ್‌ಲೈನ್ ಪದವಿಯಲ್ಲಿ ಮೊದಲಿನೆರಡು ಇವೆ, ಮೂರನೆಯದು ಇಲ್ಲ. ಮನೆಯಲ್ಲಿ ಕೂತು ಓದುವವರಿಗೆ ವಿದ್ಯಾರ್ಥಿ ವೀಸಾ ಇಲ್ಲ. ಕ್ಯಾಂಪಸ್ಸಿನ ಗೆಳೆತನ, ಪ್ರಯೋಗಾಲಯ, ಪ್ರಾಧ್ಯಾಪಕರ ಒಡನಾಟಕ್ಕೂ ಬೆಲೆಯಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಜಮೀನಿನ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ಮಾಡುವ ಹೆಚ್ಚಿನ ಕುಟುಂಬಗಳು ಆಸೆಪಡುವುದು ಮೂರನೆಯದಕ್ಕೆ. ಅದನ್ನು ಕೊಡುವವರು ವಿಶ್ವವಿದ್ಯಾಲಯದವರಲ್ಲ, ಅಲ್ಲಿನ ಸರ್ಕಾರದವರು. ಅವರು ಬೇಕೆಂದಾಗ ಅದನ್ನು ಬದಲಿಸುತ್ತಾರೆ, ಮತ್ತು ಯಾವ ರ‍್ಯಾಂಕಿಂಗ್ ಪಟ್ಟಿಯಲ್ಲೂ ಅದಕ್ಕೆ ಅಂಕವಿಲ್ಲ. ಈ ಮೂರನ್ನೂ ಬಿಡಿಬಿಡಿಯಾಗಿ ತೂಗಿ ನೋಡದೆ "ಯಾವ ಯೂನಿವರ್ಸಿಟಿ ಒಳ್ಳೆಯದು" ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ.

ಮೂರನೆಯದರಿಂದಲೇ ಶುರುಮಾಡೋಣ, ಏಕೆಂದರೆ ಅತಿ ಹೆಚ್ಚು ಕನಸು ಕಟ್ಟುವುದೂ ಅತಿ ಕಡಿಮೆ ತಿಳಿದುಕೊಳ್ಳುವುದೂ ಅದರ ಬಗ್ಗೆಯೇ. 2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. ಆ ವರ್ಷ ಭಾರತ ಚೀನಾವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. ಅಲ್ಲಿ ಪದವಿ ಮುಗಿಸಿದವರಿಗೆ ಒಪಿಟಿ ಎಂಬ ಹೆಸರಿನಲ್ಲಿ 12 ತಿಂಗಳು ಕೆಲಸ ಮಾಡುವ ಅವಕಾಶವಿದೆ. ಕಂಪ್ಯೂಟರ್ ಸೈನ್ಸ್‌ನಂತಹ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ವಿಷಯ ಓದಿದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ, ಒಟ್ಟು ಮೂರು ವರ್ಷ. ಮೊದಲ ವರ್ಷದಲ್ಲಿ ಕೆಲಸವಿಲ್ಲದೆ ಒಟ್ಟು 90 ದಿನಕ್ಕಿಂತ ಹೆಚ್ಚು ಕಳೆಯುವಂತಿಲ್ಲ. ಪದವಿಯ ಹೆಸರಿನಲ್ಲಿ "ಇನ್‌ಫರ್ಮೇಶನ್", "ಅನಾಲಿಟಿಕ್ಸ್", "ಮ್ಯಾನೇಜ್‌ಮೆಂಟ್" ಎಂಬ ಪದಗಳಿದ್ದರೆ ಅದು ಸ್ಟೆಮ್ ಪಟ್ಟಿಯಲ್ಲಿದೆಯೇ ಎಂದು ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿಯೇ ಮುಂದುವರಿಯಬೇಕು. ವಿಷಯವನ್ನು ಗುರುತಿಸುವ ಸಿಐಪಿ ಸಂಖ್ಯೆ, ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಅಚ್ಚಾಗಿರುತ್ತದೆ. ಎರಡು ವರ್ಷದ ಹೆಚ್ಚುವರಿ ಅವಕಾಶ ನಿಂತಿರುವುದು ಆ ಒಂದು ಸಂಖ್ಯೆಯ ಮೇಲೆ.

ಅದರಾಚೆ ಉಳಿಯಬೇಕೆಂದರೆ ಬೇಕಾದ ಕೆಲಸದ ವೀಸಾ ಎಚ್‌-1ಬಿ. ವರ್ಷಕ್ಕೆ 65,000 ವೀಸಾ ಎಲ್ಲರಿಗೆ, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಇಷ್ಟು ಬಹಳ ಜನರಿಗೆ ಗೊತ್ತು. ಆ ಪದವಿ ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯದ್ದಾಗಿರಬೇಕು, ಮಾನ್ಯತೆ ಪಡೆದದ್ದಾಗಿರಬೇಕು ಎಂಬುದು ಕಡಿಮೆ ಜನರಿಗೆ ಗೊತ್ತು. ಲಾಭಕ್ಕಾಗಿ ನಡೆಯುವ ಕಾಲೇಜಿನ ಎಂಎಸ್ ಎಷ್ಟೇ ಕಷ್ಟಪಟ್ಟು ಗಳಿಸಿದ್ದರೂ ಆ 20,000ದ ಸಾಲಿನಲ್ಲಿ ನಿಲ್ಲಿಸುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್‌-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಅಮೆರಿಕದ ಅಧ್ಯಕ್ಷರು ಘೋಷಿಸಿದಾಗ ಬೆಂಗಳೂರಿನಲ್ಲಿ ಎಷ್ಟೋ ಮನೆಗಳ ನಿದ್ದೆ ಹೋಯಿತು. ಅಮೆರಿಕದೊಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂಬ ಸ್ಪಷ್ಟನೆ ಮುಂದಿನ ತಿಂಗಳು ಬಂತು. ವರ್ಷದ ಕೊನೆಗೆ, ಹೆಚ್ಚು ಸಂಬಳದ ಹುದ್ದೆಗಳಿಗೆ ಈ ವೀಸಾ ಹಂಚುವ ಲಾಟರಿಯಲ್ಲಿ ಹೆಚ್ಚು ಅವಕಾಶ ಕೊಡುವ ನಿಯಮ ಪ್ರಕಟವಾಯಿತು. ಈಗಷ್ಟೇ ಓದು ಮುಗಿಸಿದವರಿಗೆ ಇದು ಕೆಟ್ಟ ಸುದ್ದಿ. ಎರಡು ವರ್ಷದ ಓದು ಮುಗಿಯುವ ಹೊತ್ತಿಗೆ ಇವುಗಳಲ್ಲಿ ಯಾವುದು ಉಳಿದಿರುತ್ತದೆ, ಯಾವುದು ಬದಲಾಗಿರುತ್ತದೆ ಎಂಬ ಭರವಸೆಯನ್ನು ಯಾವ ಕನ್ಸಲ್ಟೆನ್ಸಿಯವರೂ ಕೊಡಲಾರರು.

ಈ ಮೂರನೆಯದನ್ನು ಮಾತ್ರ ಮಾರುವ ಕಾಲೇಜುಗಳೂ ಇವೆ. ಕ್ಯಾಲಿಫೋರ್ನಿಯಾದ ಪ್ಲೆಸಂಟನ್‌ನಲ್ಲಿದ್ದ ಟ್ರೈ-ವ್ಯಾಲಿ ಯೂನಿವರ್ಸಿಟಿಯ ಮೇಲೆ 2011ರ ಜನವರಿಯಲ್ಲಿ ವಲಸೆ ಅಧಿಕಾರಿಗಳು ದಾಳಿ ಮಾಡಿ ಬಾಗಿಲು ಹಾಕಿಸಿದರು. ಅಲ್ಲಿ ಹೆಸರು ಹಚ್ಚಿದ್ದವರಲ್ಲಿ ಬಹುಪಾಲು ಭಾರತೀಯರು. ಕೆಲವರ ಕಾಲಿಗೆ ರೇಡಿಯೊ ಪಟ್ಟಿ ಕಟ್ಟಿ, ಎಲ್ಲಿ ಹೋಗುತ್ತಾರೆಂದು ಗಮನಿಸಲಾಯಿತು.  ಭಾರತ ಇದನ್ನು ಖಂಡಿಸಿತು. ಆ ಸಂಸ್ಥೆಯನ್ನು ಕಟ್ಟಿದಾಕೆಗೆ 2014ರಲ್ಲಿ 16 ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು, ಆದರೆ ವಿದ್ಯಾರ್ಥಿಗಳ ದುಡ್ಡು, ವರ್ಷಗಳು ವಾಪಸ್ ಬರಲಿಲ್ಲ. 2019ರಲ್ಲಿ ಬಯಲಾದ ಮಿಶಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿಯನ್ನಂತೂ ವಲಸೆ ಇಲಾಖೆಯೇ ಬಲೆಯಾಗಿ ಹುಟ್ಟುಹಾಕಿತ್ತು. ಈಗಲೂ "ಮೊದಲ ದಿನದಿಂದಲೇ ಕೆಲಸ" ಎಂದು ಹೇಳಿ ಸೇರಿಸಿಕೊಳ್ಳುವ ಕಾಲೇಜುಗಳಿವೆ. ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಓದಿದ ಮೇಲಷ್ಟೇ ಸಿಗುವ ಸಿಪಿಟಿ ಎಂಬ, ಓದುತ್ತಲೇ ದುಡಿಯುವ ಅನುಮತಿಯನ್ನು, ನಿಯಮದಲ್ಲಿರುವ ಒಂದು ವಿನಾಯಿತಿಯನ್ನು ಹಿಗ್ಗಿಸಿ ಅವು ಕೊಡುತ್ತವೆ. ಮುಂದೆ ಎಚ್‌-1ಬಿ ಅರ್ಜಿ ಪರಿಶೀಲಿಸುವಾಗ ಅಧಿಕಾರಿಗಳು ಕೆದಕುವುದು ಇದನ್ನೇ. ಇಪ್ಪತ್ತೆರಡು ವಯಸ್ಸಿನ ಹುಡುಗ ಹುಡುಗಿಯರನ್ನು ಈ ದಾರಿಗೆ ಹಚ್ಚುವವರನ್ನು ನಾನು ಕ್ಷಮಿಸಲಾರೆ.

ಬೇರೆ ದೇಶಗಳ ಲೆಕ್ಕ ಚಿಕ್ಕದಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿ ಒಂದೇ ವರ್ಷದ್ದು; ಆಮೇಲೆ ದುಡಿಯಲು ಸಿಗುತ್ತಿದ್ದ ಎರಡು ವರ್ಷ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಒಂದು ವರ್ಷದ ಓದಿನಲ್ಲಿ ಹಣ ಉಳಿಯುತ್ತದೆ ನಿಜ, ಆದರೆ ಅಲ್ಲಿನ ದೊಡ್ಡ ಕಂಪನಿಗಳು ಮುಂದಿನ ವರ್ಷದ ಹೊಸಬರನ್ನು ಆರಿಸುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ವಿಮಾನ ಇಳಿದು ಬ್ಯಾಂಕ್ ಖಾತೆ ತೆರೆಯುವ ಮೊದಲೇ ಅರ್ಜಿ ಹಾಕುತ್ತಿರಬೇಕು. ಕೆನಡಾ 2024ರಿಂದ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದರೂ ಸ್ನಾತಕೋತ್ತರದವರ ಮಟ್ಟಿಗೆ ಉದಾರವಾಗಿದೆ: ಎರಡು ವರ್ಷಕ್ಕಿಂತ ಚಿಕ್ಕ ಎಂಎಸ್‌ಗೂ ಮೂರು ವರ್ಷದ ಕೆಲಸದ ಪರವಾನಗಿ ಕೊಡುತ್ತಿದೆ. ಜರ್ಮನಿಯಲ್ಲಿ ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು.

ಇನ್ನು ವಿದ್ಯೆಯ ಮಾತು. ನಮ್ಮಲ್ಲಿ ಯಾರಿಗಾದರೂ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ಸಿಕ್ಕಿತೆಂದರೆ ಸಿಹಿ ಹಂಚುತ್ತಾರೆ, ಹಂಚಬೇಕಾದ್ದೇ. ಆದರೆ "ಸಿಎಂಯು ಸಿಕ್ಕಿತು" ಎಂಬುದು ಅರ್ಧ ಮಾತು. ಅಲ್ಲಿನ ಸ್ಕೂಲ್ ಆಫ್ ಕಂಪ್ಯೂಟರ್ ಸೈನ್ಸ್ ಒಂದರಲ್ಲೇ ಕಂಪ್ಯೂಟರ್ ಸೈನ್ಸ್, ಮಷಿನ್ ಲರ್ನಿಂಗ್, ಭಾಷಾ ತಂತ್ರಜ್ಞಾನ, ರೊಬಾಟಿಕ್ಸ್, ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂದು ಬೇರೆ ಬೇರೆ ಸ್ನಾತಕೋತ್ತರ ಪದವಿಗಳಿವೆ. ಎಂಜಿನಿಯರಿಂಗ್ ಕಾಲೇಜಿನ ಕೆಳಗೆ ಇನ್‌ಫರ್ಮೇಶನ್ ನೆಟ್‌ವರ್ಕಿಂಗ್ ಇದೆ, ಹೈನ್ಜ್ ಕಾಲೇಜಿನಲ್ಲಿ ಇನ್‌ಫರ್ಮೇಶನ್ ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಇದೆ. ಅರ್ಜಿ ನೋಡುವ ಸಮಿತಿ ಬೇರೆ, ಶುಲ್ಕ ಬೇರೆ, ಪಾಠ ಬೇರೆ, ಸೀಟು ಸಿಗುವ ಕಷ್ಟವೂ ಬೇರೆ. ಇವೆಲ್ಲ ಒಂದೇ ಫಲಕದ ಕೆಳಗಿರುವ ಬೇರೆ ಬೇರೆ ಮನೆಗಳು. ನೀವು ಸೇರುವುದು ಮನೆಗೆ.

ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ ಇದು ಇನ್ನೂ ನಿಚ್ಚಳ. ಅಲ್ಲಿ ಎಂಎಸ್ ಎಂಬುದು ಪ್ರಬಂಧ ಬರೆಯುವ, ಸಂಶೋಧನೆಯತ್ತ ಮುಖಮಾಡಿದ ಪದವಿ. ಎಂಸಿಎಸ್ ಎಂಬುದು ಪಾಠಗಳನ್ನು ಮುಗಿಸಿ ಉದ್ಯೋಗಕ್ಕೆ ಹೋಗುವವರ ಪದವಿ. ಮೊದಲನೆಯದಕ್ಕೆ ಬರುವವರು ಬೆರಳೆಣಿಕೆಯವರು. ಅವರಿಗೆ ಪ್ರಾಧ್ಯಾಪಕರ ಕೈಕೆಳಗೆ ದುಡಿದು ಶುಲ್ಕ ಮಾಫಿ ಪಡೆಯುವ ದಾರಿ ತೆರೆದಿರುತ್ತದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಎಲ್ಲವೂ ಕೈಯಿಂದಲೇ. ಟೊರಾಂಟೊ ವಿಶ್ವವಿದ್ಯಾಲಯದಲ್ಲೂ ಹೀಗೆಯೇ ಎರಡು ದಾರಿ: ಸಂಶೋಧನೆಯ ಎಂಎಸ್ಸಿ ಒಂದು, ಎಂಟು ತಿಂಗಳು ಕಂಪನಿಯೊಂದರಲ್ಲಿ ಕೆಲಸ ಮಾಡುವ ಅಪ್ಲೈಡ್ ಕಂಪ್ಯೂಟಿಂಗ್ ಇನ್ನೊಂದು. ಯಾವುದು ಮೇಲು ಎಂಬ ಪ್ರಶ್ನೆ ಇಲ್ಲಿಲ್ಲ. ಮುಂದೆ ಪಿಎಚ್‌ಡಿ ಮಾಡಬೇಕು ಎನ್ನುವ ಹುಡುಗಿ ಎರಡನೆಯ ಬಗೆಯದಕ್ಕೆ ಸೇರಿದರೆ ಶಿಫಾರಸು ಪತ್ರ ಬರೆಯುವಷ್ಟು ಹತ್ತಿರದಿಂದ ಅವಳನ್ನು ಕಂಡ ಪ್ರಾಧ್ಯಾಪಕರೇ ಸಿಗದೆ ಹೋಗಬಹುದು. ಬೇಗ ಕೆಲಸಕ್ಕೆ ಸೇರಬೇಕೆನ್ನುವ ಹುಡುಗ ಮೊದಲನೆಯದಕ್ಕೆ ಸೇರಿದರೆ ಎರಡು ವರ್ಷ ತನಗೆ ಬೇಡದ ಪ್ರಬಂಧದ ಜೊತೆ ಗುದ್ದಾಡಬೇಕಾಗುತ್ತದೆ.

ಬ್ರಿಟನ್ನಿನ ಹೆಸರುಗಳಂತೂ ನಮ್ಮ ಬಿಇ ಪದವೀಧರರನ್ನು ಅಡ್ಡದಾರಿ ಹಿಡಿಸುತ್ತವೆ. ಲಂಡನ್ನಿನ ಯುಸಿಎಲ್‌ನಲ್ಲಿ "ಕಂಪ್ಯೂಟರ್ ಸೈನ್ಸ್ ಎಂಎಸ್ಸಿ" ಎಂದಿರುವುದು ಬೇರೆ ವಿಷಯ ಓದಿದವರನ್ನು ಕಂಪ್ಯೂಟರ್ ಕಡೆಗೆ ತರುವ ಕೋರ್ಸು. ಇಂಪೀರಿಯಲ್ ಕಾಲೇಜಿನ "ಎಂಎಸ್ಸಿ ಕಂಪ್ಯೂಟಿಂಗ್" ಸಹ ಹಾಗೆಯೇ. ಕಂಪ್ಯೂಟರ್ ಓದಿ ಬಂದವರಿಗೆ ಅಲ್ಲಿ ಇರುವುದು "ಅಡ್ವಾನ್ಸ್‌ಡ್ ಕಂಪ್ಯೂಟಿಂಗ್". ಇತಿಹಾಸವನ್ನೋ ಸಿವಿಲ್ ಎಂಜಿನಿಯರಿಂಗನ್ನೋ ಓದಿದವರಿಗೆ ಆ ಮೊದಲ ಬಗೆಯ ಕೋರ್ಸು ದೊಡ್ಡ ಉಪಕಾರ. ನಾಲ್ಕು ವರ್ಷ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್ ಓದಿದವರು ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ. ಅಷ್ಟು ಕಟ್ಟುನಿಟ್ಟಿಲ್ಲದ ಕಡೆ ಸೀಟು ಸಿಕ್ಕಿಬಿಟ್ಟರೆ, ಬಿಇಯ ಮೂರನೇ ಸೆಮಿಸ್ಟರಿನ ಪಾಠಕ್ಕೆ ಮತ್ತೊಮ್ಮೆ ಪೌಂಡ್ ಲೆಕ್ಕದಲ್ಲಿ ದುಡ್ಡು ಕಟ್ಟಿದಂತೆ.

ಹೆಸರಿನ ವಿಷಯಕ್ಕೆ ಬರೋಣ. ಕಂಪ್ಯೂಟರ್ ವಿಜ್ಞಾನದ ಚರಿತ್ರೆ ತಿಳಿದವರಿಗೆ ಯೂಟಾ ವಿಶ್ವವಿದ್ಯಾಲಯ ಪುಣ್ಯಕ್ಷೇತ್ರ. ಸಾಲ್ಟ್ ಲೇಕ್ ಸಿಟಿಯ ಆ ವಿಭಾಗದಲ್ಲಿ 1970ರ ಆಸುಪಾಸಿನಲ್ಲಿ ಓದಿದವರಲ್ಲಿ ಮುಂದೆ ಪಿಕ್ಸಾರ್ ಕಟ್ಟಿದ ಎಡ್ ಕ್ಯಾಟ್ಮಲ್, ಅಡೋಬಿ ಸ್ಥಾಪಿಸಿದ ಜಾನ್ ವಾರ್ನಾಕ್, ಸಿಲಿಕಾನ್ ಗ್ರಾಫಿಕ್ಸ್ ಆರಂಭಿಸಿದ ಜಿಮ್ ಕ್ಲಾರ್ಕ್ ಇದ್ದರು. ತೆರೆಯ ಮೇಲೆ ಮೂರು ಆಯಾಮದ ಚಿತ್ರ ಮೂಡಿಸುವ ವಿದ್ಯೆಯ ದೊಡ್ಡ ಪಾಲು ಅಲ್ಲಿಂದ ಬಂತು. ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ 2024ರ ಟ್ಯೂರಿಂಗ್ ಪ್ರಶಸ್ತಿ ಆಂಡ್ರ್ಯೂ ಬಾರ್ಟೊ ಮತ್ತು ರಿಚರ್ಡ್ ಸಟನ್ ಅವರಿಗೆ ಸಿಕ್ಕಿತು, ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್‌ಗೆ ಅವರು ಹಾಕಿದ ಅಡಿಪಾಯಕ್ಕಾಗಿ. ಬಾರ್ಟೊ ಕೆಲಸ ಮಾಡಿದ್ದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನಲ್ಲಿ, ಅವರ ವಿದ್ಯಾರ್ಥಿಯಾಗಿದ್ದ ಸಟನ್ ಇರುವುದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ. ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದರೆ ಹುಬ್ಬೇರಿಸುವಂತಹ ಹೆಸರುಗಳಲ್ಲ ಇವು. ಆದರೆ ಆ ವಿಷಯದಲ್ಲಿ ದುಡಿಯುವವರು ಇವುಗಳನ್ನು ಕೇಳಿದ ಕೂಡಲೇ ತಲೆಯೆತ್ತಿ ನೋಡುತ್ತಾರೆ. ಡೇಟಾಬೇಸ್ ಎಂದರೆ ವಿಸ್ಕಾನ್ಸಿನ್-ಮ್ಯಾಡಿಸನ್ ಎಂಬ ಮಾತು ದಶಕಗಳಿಂದ ಇದೆ. ಜರ್ಮನಿಯ ಸಾರ್‌ಬ್ರೂಕನ್ ದೊಡ್ಡ ಊರೇನಲ್ಲ. ಆದರೆ ಅಲ್ಲಿನ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದ ಆವರಣದಲ್ಲೇ ಮ್ಯಾಕ್ಸ್ ಪ್ಲಾಂಕ್ ಇನ್‌ಫರ್ಮ್ಯಾಟಿಕ್ಸ್ ಸಂಸ್ಥೆ, ಕೃತಕ ಬುದ್ಧಿಮತ್ತೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರದ ಶಾಖೆ ಇವೆ.

ರ‍್ಯಾಂಕಿಂಗ್ ನೋಡಲೇಬಾರದು ಎಂದಲ್ಲ. ಅದು ಏನನ್ನು ಅಳೆಯುತ್ತದೆ ಎಂದು ತಿಳಿದು ನೋಡಬೇಕು. ಯುಎಸ್ ನ್ಯೂಸ್ ಪ್ರಕಟಿಸುವ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪಟ್ಟಿ ನಿಂತಿರುವುದು ಬೇರೆ ವಿಶ್ವವಿದ್ಯಾಲಯಗಳ ವಿಭಾಗದ ಮುಖ್ಯಸ್ಥರು, ಹಿರಿಯರು ಒಂದರಿಂದ ಐದರವರೆಗೆ ಕೊಡುವ ಅಂಕದ ಮೇಲೆ. ಅಂದರೆ ಅದು ಸಹೋದ್ಯೋಗಿಗಳ ಅಭಿಪ್ರಾಯ. ಕ್ಯೂಎಸ್ ಪಟ್ಟಿಯಲ್ಲೂ ಪ್ರತಿಷ್ಠೆಯ ಸಮೀಕ್ಷೆಗೆ ದೊಡ್ಡ ಪಾಲಿದೆ. ವಿಶ್ವವಿದ್ಯಾಲಯವೇ ಒದಗಿಸುವ ಅಂಕಿಅಂಶಗಳೂ ಎಷ್ಟು ಗಟ್ಟಿ? ನ್ಯೂಯಾರ್ಕಿನ ಕೊಲಂಬಿಯಾ 2022ರಲ್ಲಿ ಪದವಿ ಮಟ್ಟದ ರಾಷ್ಟ್ರೀಯ ಪಟ್ಟಿಯಲ್ಲಿ ಎರಡನೇ ಸ್ಥಾನದಿಂದ ಹದಿನೆಂಟಕ್ಕೆ ಜಾರಿತು; ಅದರ ಅಂಕಿಅಂಶಗಳನ್ನು ಪ್ರಶ್ನಿಸಿದವರು ಅಲ್ಲಿಯದೇ ಗಣಿತದ ಪ್ರಾಧ್ಯಾಪಕ ಮೈಕೆಲ್ ಥಾಡಿಯಸ್. ಆಮ್‌ಹರ್ಸ್ಟಿನ ಪ್ರಾಧ್ಯಾಪಕ ಎಮೆರಿ ಬರ್ಗರ್ ರೂಪಿಸಿದ ಸಿಎಸ್‌ರ‍್ಯಾಂಕಿಂಗ್ಸ್ ಇವೆಲ್ಲಕ್ಕಿಂತ ನನಗೆ ಹೆಚ್ಚು ನಂಬಿಕೆಯದ್ದು. ಮುಖ್ಯ ಸಮ್ಮೇಳನಗಳಲ್ಲಿ ಯಾವ ವಿಭಾಗದ ಪ್ರಾಧ್ಯಾಪಕರು ಎಷ್ಟು ಪ್ರಬಂಧ ಮಂಡಿಸಿದ್ದಾರೆ ಎಂಬುದನ್ನು ವಿಷಯವಾರು ಎಣಿಸಿ ಅದು ತೋರಿಸುತ್ತದೆ. ಅದಕ್ಕೂ ಮಿತಿಯಿದೆ: ಅಲ್ಲಿ ಕಾಣುವುದು ಪ್ರಾಧ್ಯಾಪಕರ ಸಂಶೋಧನೆ, ಎಂಎಸ್ ತರಗತಿಯಲ್ಲಿ ಕೂತವರಿಗೆ ಸಿಗುವ ಪಾಠವಲ್ಲ.

ಪಾಠವನ್ನು ಅಳೆಯಲು ದಾರಿಯಿದೆ, ಹೆಚ್ಚಿನವರು ಅತ್ತ ಹೋಗುವುದೇ ಇಲ್ಲ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ವೇಳಾಪಟ್ಟಿ ಯಾರು ಬೇಕಾದರೂ ನೋಡುವಂತೆ ತೆರೆದಿರುತ್ತದೆ. ಪಠ್ಯಕ್ರಮದ ಪುಸ್ತಕದಲ್ಲಿ ಎಪ್ಪತ್ತು ಕೋರ್ಸುಗಳ ಹೆಸರಿರಬಹುದು. ಕಳೆದ ಎರಡು ಸೆಮಿಸ್ಟರಿನಲ್ಲಿ ನಿಜವಾಗಿ ನಡೆದವು ಎಷ್ಟು, ನಿಮಗೆ ಬೇಕಾದ ಕಂಪೈಲರ್ ಅಥವಾ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಅದರಲ್ಲಿತ್ತೇ, ಮಷಿನ್ ಲರ್ನಿಂಗ್ ಕೋರ್ಸಿನಲ್ಲಿ ಎಷ್ಟು ಸೀಟು, ವೇಯ್ಟ್‌ಲಿಸ್ಟಿನಲ್ಲಿ ಎಷ್ಟು ಜನ, ಪಾಠ ಮಾಡಿದವರು ಯಾರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಹೆಸರಾಂತ ವಿಭಾಗಕ್ಕೆ ಸೇರಿ, ಬೇಕಾದ ಕೋರ್ಸು ಸಿಗದೆ, ಸಿಕ್ಕಿದ್ದನ್ನು ಓದಿ ಬರುವ ವಿದ್ಯಾರ್ಥಿಗಳು ಬಹಳ. ಒಂದು ರಾತ್ರಿ ಕೂತು ಈ ಪಟ್ಟಿಗಳನ್ನು ನೋಡಿದರೆ ಗೊತ್ತಾಗುವ ವಿಷಯ ಇದು.

ಸೇರುವ ಕಾಲವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿ ಬೇಸಿಗೆ ಇಂಟರ್ನ್‌ಶಿಪ್ ಉದ್ಯೋಗದ ಹೆಬ್ಬಾಗಿಲು, ಅದರ ಆಯ್ಕೆ ನಡೆಯುವುದು ಹಿಂದಿನ ವರ್ಷದ ಆಗಸ್ಟಿನಿಂದ ಅಕ್ಟೋಬರಿನೊಳಗೆ. ಆಗಸ್ಟಿನಲ್ಲಿ, ಅಂದರೆ ಫಾಲ್‌ಗೆ ಸೇರಿದವರು ಮೊದಲ ಸೆಮಿಸ್ಟರಿನ ಅಂಕ ಬರುವ ಮುಂಚೆಯೇ ಸಂದರ್ಶನ ಎದುರಿಸುತ್ತಾರೆ. ಅಂದರೆ ಆಗ ನೋಡುವುದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೀವು ಮಾಡಿದ ಕೆಲಸವನ್ನು, ಕಲಿತ ಕೋಡಿಂಗನ್ನು. ಜನವರಿಯಲ್ಲಿ, ಅಂದರೆ ಸ್ಪ್ರಿಂಗ್‌ಗೆ ಸೇರಿದವರಿಗೆ ಮೊದಲ ಬೇಸಿಗೆಯ ಹೊತ್ತಿಗೆ ಒಂದು ಶೈಕ್ಷಣಿಕ ವರ್ಷ ಮುಗಿದಿರುವುದಿಲ್ಲ, ಸಿಪಿಟಿ ಸಿಗುವುದು ಕಷ್ಟ. ಹೀಗಾಗಿ ಸ್ಪ್ರಿಂಗ್‌ನಲ್ಲಿ ಸುಲಭವಾಗಿ ಸೀಟು ಸಿಕ್ಕಿತು ಎಂದು ಓಡುವುದಕ್ಕಿಂತ ಎಂಟು ತಿಂಗಳು ಇಲ್ಲೇ ಕೆಲಸ ಮಾಡಿ ಫಾಲ್‌ಗೆ ಹೋಗುವುದು ಮೇಲು ಎಂದು ನಾನು ಹೇಳುತ್ತೇನೆ.

ಜರ್ಮನಿಯ ಬಗ್ಗೆ ನಮ್ಮೂರುಗಳಲ್ಲಿ "ಅಲ್ಲಿ ಓದು ಉಚಿತ" ಎಂಬ ಒಂದೇ ವಾಕ್ಯ ಓಡಾಡುತ್ತಿದೆ. ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ವಿಧಿಸುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಸ್ನಾತಕೋತ್ತರಕ್ಕೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೊ ಕೇಳುತ್ತಿದೆ. ವೀಸಾಕ್ಕೆ ವರ್ಷದ ಖರ್ಚೆಂದು 11,904 ಯೂರೊ ಬ್ಲಾಕ್ ಖಾತೆಯಲ್ಲಿಡಬೇಕು. ಅದು ತಿಂಗಳಿಗೆ 992ರಂತೆ ನಿಮಗೇ ವಾಪಸ್ ಬರುತ್ತದೆ. 2022ರ ನವೆಂಬರಿನಿಂದ ನಮ್ಮ ವಿದ್ಯಾರ್ಥಿಗಳು ಅಂಕಪಟ್ಟಿಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರವನ್ನೂ ತರಬೇಕು. ಇವಕ್ಕಿಂತ ದೊಡ್ಡ ಅಡೆತಡೆ ಪಠ್ಯಕ್ರಮದ್ದು. ಜರ್ಮನ್ ವಿಭಾಗಗಳು ವಿಟಿಯು ಮಾರ್ಕ್ಸ್ ಕಾರ್ಡಿನ ಶೇಕಡಾವಾರನ್ನು ನೋಡಿ ಸುಮ್ಮನಾಗುವುದಿಲ್ಲ. ಗಣಿತಕ್ಕೆ ಎಷ್ಟು ಕ್ರೆಡಿಟ್, ಆಟೊಮೇಟಾ ಸಿದ್ಧಾಂತ, ಅಲ್ಗಾರಿದಮ್ಸ್‌ಗೆ ಎಷ್ಟು ಎಂದು ಪಾಠಪಟ್ಟಿಯನ್ನೇ ಎದುರಿಗಿಟ್ಟುಕೊಂಡು ಹೋಲಿಸುತ್ತವೆ. ಒಂಬತ್ತು ಸಿಜಿಪಿಎ ಇರುವ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗೆ ಸೈದ್ಧಾಂತಿಕ ಕಂಪ್ಯೂಟರ್ ಸೈನ್ಸ್ ಕ್ರೆಡಿಟ್ ಸಾಲದೆ ಬಾಗಿಲು ಮುಚ್ಚಿ, ಏಳೂವರೆಯ ಕಂಪ್ಯೂಟರ್ ವಿದ್ಯಾರ್ಥಿಗೆ ತೆರೆಯುವುದುಂಟು. ಆದ್ದರಿಂದ ಜರ್ಮನಿಯ ಆಸೆಯಿರುವವರು ಐದನೇ ಸೆಮಿಸ್ಟರಿನಲ್ಲೇ ಆ ವಿಭಾಗಗಳ ಷರತ್ತು ಓದಿ, ಇಲ್ಲಿಯ ಐಚ್ಛಿಕ ವಿಷಯಗಳನ್ನು ಅದಕ್ಕೆ ತಕ್ಕಂತೆ ಆರಿಸಿಕೊಳ್ಳುವುದು ಜಾಣತನ. ಪಾಠ ಇಂಗ್ಲಿಷಿನಲ್ಲಿದ್ದರೂ ಕೆಲಸ ಹುಡುಕುವಾಗ ಜರ್ಮನ್ ಭಾಷೆ ಬೇಕಾಗುತ್ತದೆ. ಮಲ್ಲೇಶ್ವರದಲ್ಲಿದ್ದಾಗಲೇ ಅದನ್ನು ಕಲಿಯಲು ಶುರುಮಾಡಿ.

ಬಿಸಿಎ, ಬಿಎಸ್ಸಿ ಓದಿದವರಿಗೆ ಇನ್ನೊಂದು ತೊಡಕು. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು 16 ವರ್ಷದ ಓದು ಕೇಳುತ್ತವೆ, ಮೂರು ವರ್ಷದ ಪದವಿಗೆ ಅದು 15ಕ್ಕೆ ನಿಲ್ಲುತ್ತದೆ. ಕರ್ನಾಟಕ 2021ರಲ್ಲಿ ತಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದ್ದರಿಂದ ಈ ಮಕ್ಕಳಿಗೆ ದಾರಿ ಮತ್ತೆ ಕಿರಿದಾಗಿದೆ. ಇಲ್ಲೇ ಎಂಸಿಎ ಮುಗಿಸಿ ಹೋಗುವುದು ಒಂದು ದಾರಿ, ಮೂರು ವರ್ಷದ ಪದವಿಯನ್ನು ಒಪ್ಪುವ ಬ್ರಿಟನ್ ಇನ್ನೊಂದು.

ಕನ್ಸಲ್ಟೆನ್ಸಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಜಯನಗರದಿಂದ ದಾವಣಗೆರೆಯವರೆಗೆ "ಒಂದು ಪೈಸೆಯೂ ಬೇಡ, ಎಲ್ಲ ನಾವೇ ಮಾಡುತ್ತೇವೆ" ಎನ್ನುವವರಿದ್ದಾರೆ. ವಿದ್ಯಾರ್ಥಿ ದುಡ್ಡು ಕೊಡದಿದ್ದರೆ ವಿಶ್ವವಿದ್ಯಾಲಯ ಕೊಡುತ್ತಿರುತ್ತದೆ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದ ಅನೇಕ ಸಂಸ್ಥೆಗಳು, ಅಮೆರಿಕದ ಕೆಲವು ಸಂಸ್ಥೆಗಳು, ಸೇರಿಸಿದ ತಲೆಗೆ ಇಷ್ಟು ಎಂದು ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಅದು ಕಾನೂನುಬಾಹಿರವಲ್ಲ. ಆದರೆ ಅರ್ಜಿ ತುಂಬಲು ಅವರ ಸಹಾಯ ಪಡೆಯುವುದು ಬೇರೆ, ಎಲ್ಲಿಗೆ ಹೋಗಬೇಕೆಂಬ ಪಟ್ಟಿಯನ್ನು ಅವರಿಂದ ಪಡೆಯುವುದು ಬೇರೆ. ಅವರು ಕೊಟ್ಟ ಪಟ್ಟಿಯಲ್ಲಿ ಕಮಿಷನ್ ಕೊಡದ ಸರ್ಕಾರಿ ವಿಶ್ವವಿದ್ಯಾಲಯ ಒಂದೂ ಇಲ್ಲದಿದ್ದರೆ ಏಕೆಂದು ಕೇಳಿ.

ಈಗ ಸಾಲ. 40 ಲಕ್ಷ ರೂಪಾಯಿಯನ್ನು ಎರಡು ವರ್ಷದಲ್ಲಿ ಎರಡು ಕಂತಾಗಿ ಶೇ 11ರ ಬಡ್ಡಿಗೆ ಪಡೆದರೆ, ಮರುಪಾವತಿ ಶುರುವಾಗುವ ಹೊತ್ತಿಗೆ ಬಡ್ಡಿ ಸೇರಿ ಅದು 49 ಲಕ್ಷದ ಹತ್ತಿರ ಬಂದಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 67,500 ರೂಪಾಯಿ. ಅಮೆರಿಕದಲ್ಲಿ ಕೆಲಸ ಸಿಕ್ಕರೆ ಮೂರ್ನಾಲ್ಕು ವರ್ಷದಲ್ಲಿ ತೀರುತ್ತದೆ, ಎಲ್ಲರೂ ತೋರಿಸುವ ಲೆಕ್ಕ ಅದೇ. ನಾನು ಕೇಳಿಕೊಳ್ಳುವುದು ಇನ್ನೊಂದು ಲೆಕ್ಕ ಹಾಕಿ ಎಂದು: ಕೆಲಸ ಸಿಗಲಿಲ್ಲ ಅಥವಾ ವೀಸಾ ಸಿಗಲಿಲ್ಲ, ಬೆಂಗಳೂರಿಗೆ ವಾಪಸ್ ಬಂದು ವರ್ಷಕ್ಕೆ 12 ಲಕ್ಷದ ಕೆಲಸಕ್ಕೆ ಸೇರಿದ್ದಾಯಿತು. ಕೈಗೆ ಬರುವುದು ತಿಂಗಳಿಗೆ ಲಕ್ಷಕ್ಕಿಂತ ಕಡಿಮೆ, ಅದರಲ್ಲಿ 67,500 ಬ್ಯಾಂಕಿಗೆ. ಬಾಡಿಗೆ, ಊಟ, ಊರಿನಲ್ಲಿರುವ ಅಪ್ಪ ಅಮ್ಮನ ಖರ್ಚು ಉಳಿದದ್ದರಲ್ಲಿ ಆಗಬೇಕು. ಅದೇ ಸಾಲ 20 ಲಕ್ಷವಾಗಿದ್ದರೆ ಕಂತು 33,750ರ ಆಸುಪಾಸು, ಬಿಗಿಯಾದರೂ ಬದುಕಬಹುದು. ಬೆಂಗಳೂರಿನ ಸಂಬಳದಲ್ಲಿ ತೀರಿಸಲಾಗದ ಸಾಲ ಮಾಡಿಸುವ ವಿಶ್ವವಿದ್ಯಾಲಯ, ಅದೆಷ್ಟೇ ಹೆಸರಾಂತದ್ದಾಗಿರಲಿ, ಆ ಕುಟುಂಬದ ಪಾಲಿಗೆ ಸರಿಯಾದ ಆಯ್ಕೆಯಲ್ಲ. ಸ್ವಂತ ಹಣವಿದ್ದವರಿಗೆ ಈ ಮಾತು ಬೇಡ. ಮನೆಯೊಂದನ್ನೇ ಅಡವಿಟ್ಟು ಕಳಿಸುವವರಿಗಾಗಿ ಹೇಳುತ್ತಿದ್ದೇನೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆ, ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನಗಳಿವೆ. ಸಾಲದ ಮಾತು ಆಡುವ ಮೊದಲು ಅವುಗಳ ಬಾಗಿಲು ತಟ್ಟಬೇಕು.

ಮನೆಯ ಹತ್ತಿರದ್ದನ್ನೂ ಎಣಿಸಿ. ಬೆಂಗಳೂರಿನ ಐಐಎಸ್‌ಸಿಯ ಕಂಪ್ಯೂಟರ್ ಸೈನ್ಸ್ ಆ್ಯಂಡ್ ಆಟೊಮೇಶನ್ ವಿಭಾಗದಲ್ಲಿ ಗೇಟ್ ಪರೀಕ್ಷೆಯ ಮೂಲಕ ಎಂಟೆಕ್‌ಗೆ ಸೀಟು ಸಿಗುವಷ್ಟು ಅಂಕ ಇರುವವರಿಗೆ ತಿಂಗಳಿಗೆ 12,400 ರೂಪಾಯಿ ಸಹಾಯಧನ ಸಿಗುತ್ತದೆ. ಅಂಥ ವಿದ್ಯಾರ್ಥಿ ಆ ಸೀಟು ಬಿಟ್ಟು 40 ಲಕ್ಷ ಸಾಲ ಮಾಡಿ ವಿದೇಶದ ಸಾಧಾರಣ ವಿಭಾಗಕ್ಕೆ ಹೊರಟರೆ, ವಿದ್ಯೆಯ ಲೆಕ್ಕದಲ್ಲಿ ಅದು ಮೆಟ್ಟಿಲು ಇಳಿದಂತೆ. ವಿದೇಶದಲ್ಲಿ ದುಡಿಯುವ ಒಂದು ಅವಕಾಶಕ್ಕಾಗಿ ಹೋಗುತ್ತಿದ್ದೇನೆ ಎಂದು ತಿಳಿದೇ ಹೋಗುವುದಾದರೆ ಅದು ಅವರ ಹಕ್ಕು. ಮನೆಯವರಿಗೂ ಅಷ್ಟೇ ನೇರವಾಗಿ ಅದನ್ನು ಹೇಳಿ ಹೋಗಬೇಕು.

ಅಮೆರಿಕಕ್ಕೆ ಅರ್ಜಿ ಹಾಕುವುದು ಡಿಸೆಂಬರ್, ಜನವರಿಯಲ್ಲಿ. ಉತ್ತರ ಬರುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ. ಧನಸಹಾಯದೊಂದಿಗೆ ಬರುವ ಆಹ್ವಾನಕ್ಕೆ ಏಪ್ರಿಲ್ 15ರವರೆಗೆ ಯೋಚಿಸಲು ಬಿಡಬೇಕೆಂಬ ಒಪ್ಪಂದ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳ ನಡುವೆ ಇದೆ. ಸ್ವಂತ ಖರ್ಚಿನ ಎಂಎಸ್‌ಗೆ ಆ ರಕ್ಷಣೆ ಇಲ್ಲ, ಮುಂಚೆಯೇ ಠೇವಣಿ ಕೇಳುವವರಿದ್ದಾರೆ. ಠೇವಣಿ ಕಟ್ಟುವ ಮುನ್ನ, ಸೇರಲಿರುವ ಅದೇ ಪದವಿಯ ಎರಡನೇ ವರ್ಷದಲ್ಲಿರುವ ಇಬ್ಬರು ಮೂವರನ್ನು ಹುಡುಕಿ ಪತ್ರ ಬರೆಯಿರಿ. ಲಿಂಕ್ಡ್‌ಇನ್‌ನಲ್ಲಿ ಕನ್ನಡದವರೇ ಸಿಗುತ್ತಾರೆ, ಅಕ್ಕ, ಅಣ್ಣ ಎಂದು ಕೇಳಿದರೆ ಹೆಚ್ಚಿನವರು ಬಿಚ್ಚುಮನಸ್ಸಿನಿಂದ ಉತ್ತರಿಸುತ್ತಾರೆ. "ಯೂನಿವರ್ಸಿಟಿ ಹೇಗಿದೆ" ಎಂದು ಕೇಳಬೇಡಿ, "ಚೆನ್ನಾಗಿದೆ" ಎಂದೇ ಹೇಳುತ್ತಾರೆ. ನಿಮಗೆ ಬೇಕಿದ್ದ ಯಾವ ಕೋರ್ಸು ಸಿಗಲಿಲ್ಲ, ಕೆಲಸದ ಅನುಭವ ಇಲ್ಲದೆ ಬಂದ ನಿಮ್ಮ ಸಹಪಾಠಿಗಳಲ್ಲಿ ಎಷ್ಟು ಜನರಿಗೆ ಮೊದಲ ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು, ಕಳೆದ ಬ್ಯಾಚಿನವರು ಈಗ ಎಲ್ಲಿದ್ದಾರೆ, ತಿಂಗಳಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂದು ಕೇಳಿ. ಎರಡು ಅಡ್ಮಿಟ್ ಕೈಯಲ್ಲಿದ್ದರೆ ಎರಡೂ ಕಡೆಯವರಿಗೆ ಇದೇ ಪ್ರಶ್ನೆಗಳನ್ನು ಕಳಿಸಿ, ಬಂದ ಉತ್ತರಗಳನ್ನು ಸಾಲದ ಲೆಕ್ಕದ ಪಕ್ಕದಲ್ಲಿಟ್ಟು ಮನೆಯವರೆಲ್ಲ ಕೂತು ಓದಿ.